ಸೆರೆಮನೆಯಿಂದ ರಣರಂಗಕ್ಕೆ: ಆಧುನಿಕ ಯುದ್ಧದಲ್ಲಿ ಕೈದಿ ಸೈನಿಕರು

ನ್ಯಾಯಾಲಯದಿಂದ ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿರುವ ವ್ಯಕ್ತಿಯನ್ನು, ಶಿಕ್ಷೆಯ ರದ್ದತಿ ಅಥವಾ ಕಡಿತದ ಭರವಸೆಯ ಮೇಲೆ ಯುದ್ಧಕ್ಕೆ ಕಳುಹಿಸುವ ಪದ್ಧತಿ ಬಹು ಹಿಂದಿನದು. ಎರಡನೇ ಮಹಾಯುದ್ಧದೊಂದಿಗೆ ಅದು ಬಹುಮಟ್ಟಿಗೆ ಮುಗಿದ ಅಧ್ಯಾಯವೆಂದೇ ತಿಳಿಯಲಾಗಿತ್ತು. ಆದರೆ 2022ರ ಫೆಬ್ರವರಿಯಲ್ಲಿ ರಷ್ಯಾವು ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ಆರಂಭಿಸಿದ ಕೆಲವೇ ತಿಂಗಳುಗಳಲ್ಲಿ ಅದು ಮರಳಿ ಬಂದಿತು. ಸೈನಿಕರ ಕೊರತೆಯನ್ನು ನೀಗಿಸಲು ಹುಡುಕಿದ ಈ ಉಪಾಯವು, ನ್ಯಾಯಾಲಯ ವಿಧಿಸಿದ ಶಿಕ್ಷೆಗೆ ಬೆಲೆಯೇನು ಎಂಬ ಪ್ರಶ್ನೆಯನ್ನು ಎಬ್ಬಿಸಿದೆ.

ಹಿನ್ನೆಲೆ

ಫ್ರಾನ್ಸ್ 1832ರಲ್ಲಿಯೇ ಶಿಕ್ಷೆಗೊಳಗಾದವರಿಗಾಗಿ ಉತ್ತರ ಆಫ್ರಿಕಾದಲ್ಲಿ ಪ್ರತ್ಯೇಕ ಪದಾತಿ ದಳಗಳನ್ನು ಕಟ್ಟಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಭಾರತದ ಸೆರೆಮನೆಗಳಿಂದ ಸುಮಾರು 16 ಸಾವಿರ ಕೈದಿಗಳನ್ನು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಸಾಗಿಸಿತು. ಅವರ ಕೈಗೆ ಬಂದೂಕು ಕೊಡಲಿಲ್ಲ. ಹೊರೆ ಹೊರುವ ಮತ್ತು ಕೂಲಿಯ ಕೆಲಸ ಕೊಡಲಾಯಿತು. ಪ್ರತಿಫಲವಾಗಿ ತೋರಿಸಿದ ಆಮಿಷ ಮಾತ್ರ ಅದೇ: ಶಿಕ್ಷೆಯ ಮಾಫಿ.

ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ 1942ರ ಜುಲೈ 28ರಂದು ಹೊರಡಿಸಿದ 227ನೇ ಆದೇಶವು ದಂಡನಾ ತುಕಡಿಗಳಿಗೆ ಜನ್ಮ ನೀಡಿತು. ಹೇಡಿತನ ಅಥವಾ ಶಿಸ್ತುಭಂಗದ ಆರೋಪ ಹೊತ್ತ ಅಧಿಕಾರಿಗಳಿಗೆ ಒಂದು ಬಗೆಯ ತುಕಡಿ, ಸಾಮಾನ್ಯ ಸೈನಿಕರಿಗೆ ಇನ್ನೊಂದು ಬಗೆ. ಒಂದರಿಂದ ಮೂರು ತಿಂಗಳ ಸೇವೆ ಅಥವಾ ಮೈಮೇಲಿನ ಗಾಯ ಅವರ ಬಿಡುಗಡೆಗೆ ದಾರಿಯಾಗಿತ್ತು. ಯುದ್ಧ ಮುಗಿಯುವ ವೇಳೆಗೆ ಸುಮಾರು 4.28 ಲಕ್ಷ ಮಂದಿ ಈ ತುಕಡಿಗಳಲ್ಲಿ ಸೇವೆ ಸಲ್ಲಿಸಿದ್ದರು. ಇದಲ್ಲದೆ ಗುಲಾಗ್ ಶಿಬಿರಗಳಿಂದ ಲಕ್ಷಾಂತರ ಕೈದಿಗಳನ್ನು ಬಿಡಿಸಿ ನೇರವಾಗಿ ಸೇನೆಗೆ ಸೇರಿಸಲಾಯಿತು.

ಇತ್ತ ನಾಜಿ ಜರ್ಮನಿಯಲ್ಲಿ 1940ರಲ್ಲಿ ಕಳ್ಳಬೇಟೆಗಾರರನ್ನು ಸೇರಿಸಿ ಕಟ್ಟಿದ ಡಿರ್ಲೆವಾಂಗರ್ ಪಡೆಯು ಮುಂದೆ ಇತರ ಅಪರಾಧಿಗಳನ್ನೂ ಒಳಗೊಂಡಿತು. ಬೆಲಾರೂಸಿನ ಹಳ್ಳಿಗಳಲ್ಲಿಯೂ 1944ರಲ್ಲಿ ವಾರ್ಸಾದಲ್ಲಿಯೂ ಅದು ನಡೆಸಿದ ನಾಗರಿಕರ ಹತ್ಯಾಕಾಂಡ ಆ ಯುದ್ಧದ ಅತಿ ಕ್ರೂರ ಪ್ರಕರಣಗಳಲ್ಲೊಂದು.

ಸೆರೆಮನೆಯ ಅಂಗಳದಲ್ಲಿ ನೇಮಕಾತಿ

2022ರ ಸೆಪ್ಟೆಂಬರಿನಲ್ಲಿ ಬಹಿರಂಗವಾದ ವಿಡಿಯೊ ಒಂದರಲ್ಲಿ, ವಾಗ್ನರ್ ಎಂಬ ಖಾಸಗಿ ಸೇನೆಯ ಮುಖ್ಯಸ್ಥ ಯೆವ್ಗೆನಿ ಪ್ರಿಗೋಜಿನ್ ರಷ್ಯಾದ ಸೆರೆಮನೆಯ ಅಂಗಳದಲ್ಲಿ ನಿಂತು ಕೈದಿಗಳೊಡನೆ ಮಾತನಾಡುವ ದೃಶ್ಯವಿತ್ತು. ಸ್ವತಃ 1980ರ ದಶಕವನ್ನು ಸೆರೆಯಲ್ಲಿ ಕಳೆದಿದ್ದ ಆತ ಮುಂದಿಟ್ಟ ಷರತ್ತುಗಳು ಸರಳ. ಆರು ತಿಂಗಳು ಹೋರಾಡಿದರೆ ಕ್ಷಮಾದಾನ, ರಣರಂಗದಿಂದ ಓಡಿದರೆ ಗುಂಡು. ನಿರ್ಧಾರಕ್ಕೆ ಕೆಲವೇ ನಿಮಿಷಗಳ ಕಾಲಾವಕಾಶ.

ಪೂರ್ವ ಉಕ್ರೇನಿನ ಬಖ್ಮುತ್ ನಗರಕ್ಕಾಗಿ ನಡೆದ ದೀರ್ಘ ಕದನದಲ್ಲಿ ಈ ಕೈದಿಗಳನ್ನು ಬಳಸಿದ ಬಗೆ ಗಮನಾರ್ಹ. ಸಣ್ಣ ಸಣ್ಣ ಗುಂಪುಗಳಾಗಿ ಅವರನ್ನು ಅಲೆಯ ಮೇಲೆ ಅಲೆಯಂತೆ ಮುಂದಕ್ಕೆ ನೂಕಲಾಗುತ್ತಿತ್ತು. ಅವರ ಮೇಲೆ ಗುಂಡು ಹಾರಿದಾಗ ಉಕ್ರೇನ್ ಪಡೆಗಳ ನೆಲೆ ಬಯಲಾಗುತ್ತಿತ್ತು. ಬಳಿಕ ಫಿರಂಗಿಗಳೂ ಅನುಭವಿ ಯೋಧರೂ ದಾಳಿಗಿಳಿಯುತ್ತಿದ್ದರು. ಸೆರೆಮನೆಗಳಿಂದ ಸುಮಾರು 50 ಸಾವಿರ ಮಂದಿಯನ್ನು ನೇಮಿಸಿಕೊಂಡಿದ್ದಾಗಿಯೂ, ಅವರಲ್ಲಿ ಸುಮಾರು ಶೇ. 20ರಷ್ಟು ಮಂದಿ ಮಡಿದುದಾಗಿಯೂ 2023ರ ಮೇ ತಿಂಗಳಲ್ಲಿ ಪ್ರಿಗೋಜಿನ್ ಹೇಳಿದ್ದ.

ಬದಲಾದ ಷರತ್ತು

2023ರ ಫೆಬ್ರವರಿಯಲ್ಲಿ ವಾಗ್ನರ್ ಕೈದಿಗಳ ನೇಮಕಾತಿಯನ್ನು ನಿಲ್ಲಿಸಿತು. ಆ ಕೆಲಸವನ್ನು ರಷ್ಯಾದ ರಕ್ಷಣಾ ಸಚಿವಾಲಯವೇ ವಹಿಸಿಕೊಂಡು ‘ಸ್ಟಾರ್ಮ್-ಝಡ್’ ಎಂಬ ತುಕಡಿಗಳನ್ನು ರಚಿಸಿತು. ಜೂನ್ 24ರಂದು ಪ್ರಿಗೋಜಿನ್ ಪಡೆಗಳು ಮಾಸ್ಕೋದತ್ತ ದಂಡೆತ್ತಿ ಹೊರಟ ದಿನವೇ ಕೈದಿಗಳ ನೇಮಕಕ್ಕೆ ಕಾನೂನಿನ ಮುದ್ರೆ ಬಿದ್ದಿತು. ಎರಡು ತಿಂಗಳಲ್ಲಿ ಆತ ವಿಮಾನ ಪತನದಲ್ಲಿ ಮೃತಪಟ್ಟ. ಆತ ಆರಂಭಿಸಿದ ಪದ್ಧತಿ ಉಳಿಯಿತು. 2024ರಲ್ಲಿ ವಿಚಾರಣೆ ಎದುರಿಸುತ್ತಿರುವ ಆರೋಪಿಗಳಿಗೂ ಇದನ್ನು ವಿಸ್ತರಿಸಲಾಯಿತು.

ಆದರೆ ಕೈದಿಗಳ ಪಾಲಿಗೆ ಷರತ್ತು ಕಠಿಣವಾಯಿತು. ಆರು ತಿಂಗಳ ಗಡುವು ಹೋಯಿತು, ಪೂರ್ಣ ಕ್ಷಮಾದಾನದ ಬದಲು ಷರತ್ತುಬದ್ಧ ಬಿಡುಗಡೆ ಬಂದಿತು. ಯುದ್ಧ ಮುಗಿಯುವವರೆಗೂ ಸೇವೆ ಮುಂದುವರಿಯಬೇಕಾಯಿತು.

ವಿದೇಶಿ ಕೈದಿಗಳೂ ಇದರಿಂದ ಹೊರತಾಗಿಲ್ಲ. ಮಾಸ್ಕೋದಲ್ಲಿ ಓದುತ್ತಿದ್ದು ಮಾದಕವಸ್ತು ಪ್ರಕರಣದಲ್ಲಿ ಸೆರೆ ಸೇರಿದ್ದ ಜಾಂಬಿಯಾದ ವಿದ್ಯಾರ್ಥಿಯೊಬ್ಬ 2022ರ ಸೆಪ್ಟೆಂಬರಿನಲ್ಲಿ ಉಕ್ರೇನಿನಲ್ಲಿ ಹತನಾದ. 2025ರ ಅಕ್ಟೋಬರಿನಲ್ಲಿ ಉಕ್ರೇನ್ ಪಡೆಗಳಿಗೆ ಶರಣಾದ ಭಾರತೀಯ ಯುವಕನೊಬ್ಬ, ಸೆರೆವಾಸ ತಪ್ಪಿಸಿಕೊಳ್ಳಲು ಸೇನೆಯ ಒಪ್ಪಂದಕ್ಕೆ ಸಹಿ ಹಾಕಿದುದಾಗಿ ವಿಡಿಯೊ ಹೇಳಿಕೆಯಲ್ಲಿ ತಿಳಿಸಿದ್ದ.

ಉಕ್ರೇನಿನ ಮಾರ್ಗ

ಸೈನಿಕರ ಅಭಾವ ಉಕ್ರೇನನ್ನೂ ಇದೇ ದಾರಿಗೆ ತಂದಿತು. 2024ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ಕಾನೂನಿನಡಿ ಸಾವಿರಾರು ಕೈದಿಗಳು ಸೇನೆ ಸೇರಿದರು. ಇಬ್ಬರು ಅಥವಾ ಹೆಚ್ಚು ಮಂದಿಯನ್ನು ಕೊಂದವರು, ಅತ್ಯಾಚಾರಿಗಳು, ದೇಶದ ಭದ್ರತೆಗೆ ಧಕ್ಕೆ ತಂದವರು ಮುಂತಾದವರಿಗೆ ಈ ಅವಕಾಶವಿಲ್ಲ. ಕೈದಿಯ ಕೋರಿಕೆ ಇರಬೇಕು, ಬಿಡುಗಡೆಯನ್ನು ನ್ಯಾಯಾಲಯವೇ ತೀರ್ಮಾನಿಸಬೇಕು. ಎರಡು ದೇಶಗಳ ಪದ್ಧತಿಗಳ ನಡುವಣ ಮುಖ್ಯ ವ್ಯತ್ಯಾಸ ಇದು. ವಾಗ್ನರ್ ಕೈದಿಗಳಿಗೆ ನೀಡಿದ ಕ್ಷಮಾದಾನದ ಆಜ್ಞೆಗಳನ್ನು ರಷ್ಯಾ ಪ್ರಕಟಿಸಿರಲಿಲ್ಲ.

ಕಾನೂನು ಏನನ್ನುತ್ತದೆ?

ಕೈದಿಯನ್ನು ಸೈನಿಕನನ್ನಾಗಿಸುವುದಕ್ಕೆ ಯುದ್ಧನಿಯಮಗಳಲ್ಲಿ ನೇರ ನಿಷೇಧವಿಲ್ಲ. ಸೇನೆಯ ಸದಸ್ಯನಾದವನು ಸೆರೆ ಸಿಕ್ಕರೆ, ಆತನ ಪೂರ್ವಾಪರ ಏನೇ ಇರಲಿ, 1949ರ ಮೂರನೇ ಜಿನೀವಾ ಒಪ್ಪಂದದ ರಕ್ಷಣೆ ದೊರೆಯುತ್ತದೆ. ಆತ ಎಸಗುವ ಯುದ್ಧಾಪರಾಧಗಳಿಗೆ ವಿನಾಯಿತಿಯಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಬಲವಂತದ ದುಡಿಮೆ ಒಪ್ಪಂದವು ಮಾತ್ರ, ಕೈದಿಯ ದುಡಿಮೆ ಸರ್ಕಾರಿ ಪ್ರಾಧಿಕಾರದ ಮೇಲ್ವಿಚಾರಣೆಯಲ್ಲಿರಬೇಕು, ಆತನನ್ನು ಖಾಸಗಿಯವರ ವಶಕ್ಕೆ ಒಪ್ಪಿಸಬಾರದು ಎನ್ನುತ್ತದೆ.

ಬೇಲಿಯೊಳಗಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವಇಚ್ಛೆಯದು ಎಂಬ ಸಂದೇಹ ಉಳಿದೇ ಇದೆ. ಹತ್ತು ವರ್ಷಗಳ ಸೆರೆ ಹಾಗೂ ಆರು ತಿಂಗಳ ಯುದ್ಧದ ನಡುವೆ ಆಯ್ಕೆ ಮಾಡೆಂದರೆ, ಸಾವಿನ ಲೆಕ್ಕ ತಿಳಿಯದವನು ಎರಡನೆಯದನ್ನೇ ಆರಿಸಿಕೊಂಡಾನು.

ಯಾರೂ ಕೇಳದವರು

ಈ ಒಪ್ಪಂದದಲ್ಲಿ ಮಾತೇ ಇಲ್ಲದ ಮೂರನೆಯ ಪಕ್ಷವೊಂದಿದೆ: ಅಪರಾಧಕ್ಕೆ ಬಲಿಯಾದವರ ಕುಟುಂಬ. ಪತ್ರಕರ್ತೆ ಅನ್ನಾ ಪೊಲಿತ್ಕೋವ್‌ಸ್ಕಾಯಾ 2006ರ ಅಕ್ಟೋಬರ್ 7ರಂದು ಮಾಸ್ಕೋದಲ್ಲಿ ಹತ್ಯೆಯಾದರು. ಆ ಪ್ರಕರಣದಲ್ಲಿ ಮಾಜಿ ಪೊಲೀಸ್ ಅಧಿಕಾರಿ ಸೆರ್ಗೆಯ್ ಖಾಜಿಕುರ್ಬಾನೊವ್‌ಗೆ 2014ರಲ್ಲಿ 20 ವರ್ಷಗಳ ಶಿಕ್ಷೆಯಾಯಿತು. ಉಕ್ರೇನಿನಲ್ಲಿ ಹೋರಾಡಿದ ಆತನಿಗೆ ಕ್ಷಮಾದಾನ ದೊರೆತಿದೆ ಎಂಬ ಸಂಗತಿ 2023ರ ನವೆಂಬರಿನಲ್ಲಿ ಹೊರಬಿದ್ದಿತು. ಮೃತರ ಮಕ್ಕಳೂ, ಅವರು ದುಡಿದ ‘ನೊವಾಯಾ ಗಜೆಟಾ’ ಪತ್ರಿಕೆಯೂ ಇದನ್ನು ಖಂಡಿಸಿದವು. ಕೊಲೆ ನಡೆದು ಎಂಟು ವರ್ಷಗಳ ತರುವಾಯ ದೊರೆತ ತೀರ್ಪು ಹೀಗೆ ಅರ್ಧಕ್ಕೇ ಅಳಿಸಿಹೋಯಿತು.

ಯುದ್ಧ ಎಂದಾದರೊಂದು ದಿನ ಮುಗಿಯುತ್ತದೆ. ಬದುಕುಳಿದ ಕೈದಿ ಸೈನಿಕರು ಆಗ ಮರಳುವುದು, ತಾವು ಯಾರಿಗೆ ಕೇಡು ಬಗೆದಿದ್ದರೋ ಅವರು ವಾಸಿಸುತ್ತಿರುವ ಊರುಗಳಿಗೇ. ಅದಕ್ಕೆ ಆ ಊರಿನವರ ಒಪ್ಪಿಗೆಯನ್ನು ಯಾವ ಅಧಿಕಾರಿಯೂ ಕೇಳಿದ್ದಿಲ್ಲ.