ಚಂದ್ರಶೇಖರ ಕಂಬಾರ: ಘೋಡಗೇರಿಯ ಹಾಡು, ರಂಗದಿಂದ ತೆರೆಗೆ

ಗೋಕಾಕ ಎಂಬ ಹೆಸರು ಕೇಳಿದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವವರು ವಿ.ಕೃ. ಗೋಕಾಕ. ಆದರೆ ಅವರು ಹುಟ್ಟಿದ್ದು ಸವಣೂರಿನಲ್ಲಿ. ಈ ಸೀಮೆಯ ಮಣ್ಣಿನಲ್ಲೇ ಹುಟ್ಟಿ ಬೆಳೆದು ಜ್ಞಾನಪೀಠಕ್ಕೆ ಏರಿದವರು ಚಂದ್ರಶೇಖರ ಕಂಬಾರ. ಕವಿ, ನಾಟಕಕಾರ, ಕಾದಂಬರಿಕಾರ, ಗೀತರಚನೆಕಾರ, ಚಲನಚಿತ್ರ ನಿರ್ದೇಶಕ, ಸಂಗೀತ ಸಂಯೋಜಕ, ಜಾನಪದ ವಿದ್ವಾಂಸ ಹೀಗೆ ಅವರ ಹೆಸರಿನ ಹಿಂದೆ ವಿಶೇಷಣಗಳು ಸಾಲುಗಟ್ಟುತ್ತವೆ. ಮೂಲತಃ ಅವರು ಹಾಡುಗಾರರೇ. ಉಳಿದುದೆಲ್ಲವೂ ಆ ಹಾಡಿನಿಂದಲೇ ಕವಲೊಡೆದದ್ದು.

ಕಂಬಾರರು ಜನಿಸಿದ್ದು 1937ರ ಜನವರಿ 2ರಂದು, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ. ಘಟಪ್ರಭಾ ನದಿಯ ದಡದ ಈ ಊರಿನಲ್ಲಿ ಮನೆತನದ ಕಸುಬು ಕಮ್ಮಾರಿಕೆ. ತಂದೆ ಬಸವಣ್ಣೆಪ್ಪ, ತಾಯಿ ಚೆನ್ನಮ್ಮ. ಬಯಲಾಟ, ಲಾವಣಿ, ಡೊಳ್ಳಿನ ಪದಗಳ ನಡುವೆಯೇ ಬಾಲ್ಯ ಕಳೆಯಿತು. ಗೋಕಾಕದಲ್ಲಿ ಓದುತ್ತಿದ್ದಾಗ ಬಡತನದಿಂದಾಗಿ ವಿದ್ಯಾಭ್ಯಾಸವೇ ನಿಲ್ಲುವ ಸ್ಥಿತಿ ಬಂದಿತ್ತು. ಆಗ ಓದಿನ ವೆಚ್ಚವನ್ನು ವಹಿಸಿಕೊಂಡವರು ಸಾವಳಗಿ ಮಠದ ಸಿದ್ಧರಾಮ ಸ್ವಾಮೀಜಿ. ಆ ಆಸರೆ ದೊರೆಯದಿದ್ದರೆ ಹುಡುಗ ಕುಲುಮೆಯ ಮುಂದೆಯೇ ಉಳಿಯುತ್ತಿದ್ದನೇನೋ. ಮುಂದೆ ಬೆಳಗಾವಿ, ಧಾರವಾಡಗಳಲ್ಲಿ ಓದು ಮುಂದುವರಿಸಿದ ಅವರು ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕೆಲಕಾಲ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಬಳಿಕ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಧ್ಯಾಪಕರಾಗಿದ್ದರು.

1964ರ ‘ಹೇಳತೇನ ಕೇಳ’ ಅವರಿಗೆ ಹೆಸರು ತಂದ ಕಥನಕಾವ್ಯ. ನವ್ಯದ ಅಬ್ಬರವಿದ್ದ ಆ ದಿನಗಳಲ್ಲಿ ಉತ್ತರ ಕರ್ನಾಟಕದ ಆಡುಮಾತನ್ನು ಗಂಭೀರ ಕಾವ್ಯಕ್ಕೆ ತರುವುದು ಸಣ್ಣ ಸಾಹಸವಲ್ಲ. ಬೇಂದ್ರೆಯವರ ದಾರಿ ಮುಂದಿತ್ತು ನಿಜ. ಆದರೆ ಧಾರವಾಡದ ಮಾತೇ ಬೇರೆ, ಘೋಡಗೇರಿಯ ಬಯಲಾಟದ ಮಾತೇ ಬೇರೆ. ಚೀನಾದ ಮಾವೋನನ್ನು ಕುರಿತು ಬರೆದ ಪದವನ್ನೂ ಅವರು ಇದೇ ಧಾಟಿಗೆ ಒಗ್ಗಿಸಿದರು.

ಹಾಡು ರಂಗಕ್ಕೆ ಏರಿದ್ದು ‘ಜೋಕುಮಾರಸ್ವಾಮಿ’ ನಾಟಕದಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಇದನ್ನು ನಿರ್ದೇಶಿಸಿದರು. ಗಿರೀಶ ಕಾರ್ನಾಡ ಹಾಗೂ ಸ್ವತಃ ಕಂಬಾರರು ಬಣ್ಣ ಹಚ್ಚಿದರು. ಭಾದ್ರಪದದ ಜೋಕುಮಾರನ ಆಚರಣೆಯೇ ಕಥೆಯ ಬುನಾದಿ. ಮಕ್ಕಳಿಲ್ಲದ ಗೌಡತಿ, ಷಂಡ ಗೌಡ, ಭೂಮಿಯನ್ನು ಉಳುವ ಬಸಣ್ಣ ಈ ಮೂವರ ನಡುವೆ ನಾಟಕ ಕೇಳುವ ಪ್ರಶ್ನೆ, ನೆಲ ಯಾರದು ಎಂಬುದು. ಉಳುವವನೇ ಒಡೆಯನೆಂಬ ಮಾತು ರಾಜ್ಯದ ರಾಜಕಾರಣದಲ್ಲಿ ಕಾವೇರುತ್ತಿದ್ದ ಕಾಲವದು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಭಾಷಣಕ್ಕೆ ಜಾರದೆ ಹಾಡು, ಕುಣಿತ, ಪೋಲಿ ಹಾಸ್ಯಗಳಲ್ಲೇ ಈ ಪ್ರಶ್ನೆಯನ್ನು ಎತ್ತಿದ್ದು ನಾಟಕದ ಗೆಲುವು.

ತೆರೆಯ ಮೇಲೆ ಅವರ ಹಾಡು ಮನೆಮನೆಗೂ ತಲುಪಿದ್ದು ‘ಕಾಡು ಕುದುರೆ’ ಚಿತ್ರದಿಂದ. ನಿರ್ದೇಶನ, ಗೀತೆ, ಸಂಗೀತ ಮೂರೂ ಕಂಬಾರರದ್ದೇ. ಶೀರ್ಷಿಕೆ ಗೀತೆಯನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು, ಮಲೆನಾಡಿನವರು. ಬೆಳಗಾವಿ ಸೀಮೆಯ ಉಚ್ಚಾರದ ಈ ಹಾಡಿಗಾಗಿ 26ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ಗೌರವ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಸುಬ್ಬಣ್ಣ. ಅವರು 2022ರಲ್ಲಿ ನಿಧನರಾದರು. ಹಾಡು ಕೇಳಿದವರಲ್ಲಿ ಎಷ್ಟೋ ಮಂದಿಗೆ ಬರೆದವರ ಹೆಸರು ತಿಳಿಯದು. ಗೀತರಚನೆಕಾರರ ಪಾಲಿಗೆ ಇದು ಹೊಸತೇನಲ್ಲ.

ಕಂಬಾರರೇ ನಿರ್ದೇಶಿಸಿದ ‘ಸಂಗೀತಾ’ 1981ರಲ್ಲಿ ಬಂತು. ‘ಕರಿಮಾಯಿ’, ‘ಋಷ್ಯಶೃಂಗ’ಗಳೂ ಚಿತ್ರಗಳಾದವು. ಇವುಗಳಲ್ಲಿ ‘ಋಷ್ಯಶೃಂಗ’ಕ್ಕೆ ಸಂಗೀತ ನೀಡಿದ ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂತು. ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಟಿ.ಎಸ್. ನಾಗಾಭರಣ ತೆರೆಗೆ ತಂದರು. ‘ಜಿ.ಕೆ. ಮಾಸ್ತರರ ಪ್ರಣಯ ಪ್ರಸಂಗ’ ಕಿರುತೆರೆಯ ಧಾರಾವಾಹಿಯಾಯಿತು. ಹಳ್ಳಿಯ ಮಾತೆಂದರೆ ನಗೆಗಷ್ಟೇ ಸರಿ ಎಂಬ ರೂಢಿ ಟಿ.ವಿ. ಕಾರ್ಯಕ್ರಮಗಳಲ್ಲಿ ಇಂದಿಗೂ ಹೋಗಿಲ್ಲ. ಕಂಬಾರರಲ್ಲಿ ಅದೇ ಮಾತು ಅಳುತ್ತದೆ, ಶಪಿಸುತ್ತದೆ, ತರ್ಕಿಸುತ್ತದೆ.

1985ರಲ್ಲಿ ಅವರ ಸಂಪಾದಕತ್ವದಲ್ಲಿ ‘ಕನ್ನಡ ಜಾನಪದ ವಿಶ್ವಕೋಶ’ ಪ್ರಕಟವಾಯಿತು. 1991ರಲ್ಲಿ ‘ಸಿರಿಸಂಪಿಗೆ’ ನಾಟಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಅದೇ ವರ್ಷ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಕುಲಪತಿ. 2001ರಲ್ಲಿ ಪದ್ಮಶ್ರೀ, 2021ರಲ್ಲಿ ಪದ್ಮಭೂಷಣ. 2010ನೇ ಸಾಲಿನ ಜ್ಞಾನಪೀಠ ಕನ್ನಡಕ್ಕೆ ಸಂದ ಎಂಟನೆಯದು. 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು, ವಿ.ಕೃ. ಗೋಕಾಕ, ಅನಂತಮೂರ್ತಿ ಅವರ ನಂತರ ಆ ಪೀಠವೇರಿದ ಕನ್ನಡದ ಲೇಖಕ ಅವರು. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅವರದೇ ಅಧ್ಯಕ್ಷತೆ.

ಬೆಂಗಳೂರಿನಲ್ಲಿ ನೆಲೆಸಿ ದಶಕಗಳೇ ಕಳೆದರೂ ಅವರ ಬರಹದ ಊರು ಬದಲಾಗಲಿಲ್ಲ. ಘೋಡಗೇರಿಯ ನೆನಪಿನಿಂದ ಕಟ್ಟಿಕೊಂಡ ಶಿವಾಪುರವೆಂಬ ಕಲ್ಪನೆಯ ಹಳ್ಳಿ ಕಾವ್ಯದಲ್ಲಿ, ನಾಟಕದಲ್ಲಿ, ಕಾದಂಬರಿಯಲ್ಲಿ ಮರಳಿ ಮರಳಿ ಬರುತ್ತದೆ. 2015ರ ‘ಶಿವನ ಡಂಗುರ’ ಕಾದಂಬರಿಯಲ್ಲೂ ಅದೇ ಶಿವಾಪುರವಿದೆ.