ಸ್ವರ್ಗದ ಮೇಲೆ ಹೆಲಿಕಾಪ್ಟರ್

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಬೆಳೆದವರಿಗೆ ಎಂಡೋಸಲ್ಫಾನ್ ಹೆಸರು ಹೊಸದಲ್ಲ. ಕಾಯಿಕೊರಕ ಹುಳಕ್ಕೆ ಹೊಡೆಯುತ್ತಿದ್ದ ಔಷಧಿ. ವಿಷಕ್ಕೆ ನಮ್ಮಲ್ಲಿ ಔಷಧಿ ಅಂತಲೇ ಹೇಳೋದು! 2011ರ ಮೇಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿದಾಗ ನಾನಿನ್ನೂ ಹುಡುಗ. ಯಾಕೆ ನಿಂತಿತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಕಾಸರಗೋಡಿನ ಎಣ್ಮಕಜೆ ಪಂಚಾಯ್ತಿಯಲ್ಲಿ ಪಡ್ರೆ, ವಾಣಿನಗರ, ಸ್ವರ್ಗ ಅಂತ ಊರುಗಳಿವೆ. ಕನ್ನಡ, ತುಳು ಮಾತಾಡುವ ಜನ. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ, ಕೆಳಗೆ ಮನೆ, ಅಡಿಕೆ ತೋಟ, ಸುರಂಗದ ನೀರು. 1970ರ ದಶಕದ ಕೊನೆಯಿಂದ 2000ದವರೆಗೆ ಆ ಗುಡ್ಡಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದರು. ಮೇಲೆ ಬಿದ್ದದ್ದು ಮಳೆಗೆ ಎಲ್ಲಿಗೆ ಇಳಿಯುತ್ತೆ ಅಂತ ಹೇಳೋಕೆ ಇಂಜಿನಿಯರ್ ಬೇಕಿಲ್ಲ.

ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿವೆ ಅಂತ ಪತ್ರಕರ್ತ ಶ್ರೀ ಪಡ್ರೆ 1980ರ ಆಸುಪಾಸಿನಲ್ಲೇ ಬರೆದಿದ್ದರು. ವಾಣಿನಗರದ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ನೋಡಿ ಅನುಮಾನಪಟ್ಟರು. ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಬುದ್ಧಿಮಾಂದ್ಯತೆ, ಮೂರ್ಛೆರೋಗ, ಕ್ಯಾನ್ಸರ್ ಯಾಕೆ? ಸರ್ಕಾರದ ಲಾಗ್ ಫೈಲ್ ಖಾಲಿ ಇದ್ದಾಗ ಲೆಕ್ಕ ಇಟ್ಟಿದ್ದು ಒಬ್ಬ ಹಳ್ಳಿ ಡಾಕ್ಟರು.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಪಡ್ರೆಯ 117 ಹುಡುಗರು, ಹೋಲಿಕೆಗೆ ದೂರದ ಮೀಂಜದ 90 ಹುಡುಗರು. ಸಿಂಪಡಣೆ ನಿಂತು ಹತ್ತು ತಿಂಗಳಾದರೂ ಪಡ್ರೆ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ ಇತ್ತು, ಮೀಂಜದಲ್ಲಿ 1.37. ಪಡ್ರೆ ಹುಡುಗರು ಪ್ರಾಯಕ್ಕೆ ಬರೋದೂ ತಡವಾಗುತ್ತಿತ್ತು. 2003ರಲ್ಲಿ ಇದು ಪ್ರಕಟವಾಯ್ತು, ಕೀಟನಾಶಕ ಕಂಪನಿಗಳು ತಕರಾರು ತೆಗೆದವು. ತೆಗೀದೇ ಇರ್ತಾರಾ?

ಓದುವಾಗ ನೆನಪಾಗಿದ್ದು ರೊಂಗೆಲಾಪ್ ದ್ವೀಪ. 1954ರ ಮಾರ್ಚ್ 1ರಂದು ಅಮೆರಿಕದ ಹೈಡ್ರೋಜನ್ ಬಾಂಬಿನ ಬೂದಿ ಅಲ್ಲಿನ ಜನರ ಮೇಲೆ ಬಿತ್ತು. ಆಮೇಲೆ ದಶಕಗಳ ಕಾಲ ಬ್ರೂಕ್‌ಹೇವನ್ ಲ್ಯಾಬಿನ ಡಾಕ್ಟರುಗಳು ಹೋಗಿ ರಕ್ತ ತೆಗೆದು ಬರೆದಿಟ್ಟುಕೊಂಡರು. ಅಲ್ಲೂ ಹೋಲಿಕೆಗೆ ಬೂದಿ ಬೀಳದವರ ಗುಂಪೊಂದಿತ್ತು. 1957ರಲ್ಲಿ ಅದೇ ದ್ವೀಪಕ್ಕೆ ಜನರನ್ನು ವಾಪಸ್ ಕಳಿಸಿದ್ದೂ ಅವರೇ. ಅಲ್ಲಿ ದಾಖಲೆ ಜಾಸ್ತಿ ಇತ್ತು, ಜನರ ಮೇಲೆ ಕರುಣೆ ಕಮ್ಮಿ.

ಕಾಸರಗೋಡಿನಲ್ಲಿ ವೈದ್ಯಕೀಯ ತಪಾಸಣೆ ಅಂದರೆ ಪಟ್ಟಿಗೆ ಸೇರಿಸೋದು ಅಂತಾಯ್ತು. 2017ರ ಕ್ಯಾಂಪಿನಲ್ಲಿ ಮೊದಲು 1,905 ಮಂದಿ, ಕೊನೆಯ ಪಟ್ಟಿಯಲ್ಲಿ 287. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದಿತ್ತು. 2022ರ ಮೇಯಲ್ಲಿ ಕೋರ್ಟ್ ನೋಡಿದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟೇ ಎಂಟು ಮಂದಿಗೆ. ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದ್ದವರಿಗೆ.

ಚಾರ್ಮಾಡಿ ಇಳಿದು ಧರ್ಮಸ್ಥಳ ದಾಟಿದರೆ ಸಿಗುವ ಕೊಕ್ಕಡದ್ದೂ ಇದೇ ಕತೆ, ಅಲ್ಲಿ ಕರ್ನಾಟಕದ್ದೇ ಗೇರು ನಿಗಮ. ಘಾಟಿ ಮೇಲೆ ನಮ್ಮಲ್ಲಿ ಹೆಲಿಕಾಪ್ಟರ್ ಇರಲಿಲ್ಲ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬರಿಗಾಲಲ್ಲಿ ಔಷಧಿ ಹೊಡೆಯುತ್ತಿದ್ದ ಆಳುಗಳಿದ್ದರು. ಅವರ ರಕ್ತವನ್ನು ಯಾರಾದರೂ ಪರೀಕ್ಷೆ ಮಾಡಿದ್ದರಾ ಅಂತ ಮೊನ್ನೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. "ಯಾಕೆ ಮಾಡ್ತಾರೆ?" ಅಂದರು.