ಹಿಮ್ಮಡಿಯಲ್ಲಿ ಹೊಡೆದ ಗೋಲು: ಮ್ಯಾಂಚೆಸ್ಟರ್ ಯುನೈಟೆಡ್ ಬಿದ್ದ ಕಥೆ, 1968ರಿಂದ 1977

ಪುಣೆಯಾಗಲಿ ಹೈದರಾಬಾದ್ ಆಗಲಿ, ಆಫೀಸಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್ ಒಬ್ಬರಾದರೂ ಇದ್ದೇ ಇರ್ತಾರೆ. ಸೋಮವಾರ ಬೆಳಿಗ್ಗೆ ಅವರ ಮುಖ ನೋಡಿದ್ರೆ ಸಾಕು, ವೀಕೆಂಡ್ ಮ್ಯಾಚ್ ಏನಾಯ್ತು ಅಂತ ಗೊತ್ತಾಗುತ್ತೆ. 2013ರಲ್ಲಿ ಫರ್ಗ್ಯೂಸನ್ ಹೋದ ಮೇಲೆ ಹೀಗಾಯ್ತು ಅಂತಾರೆ ಅವರು. ಆದರೆ ಈ ಕ್ಲಬ್ಬು ಇದಕ್ಕಿಂತ ಕೆಟ್ಟದಾಗಿ ಒಮ್ಮೆ ಬಿದ್ದಿತ್ತು. ಇವತ್ತು ಆ ಕಥೆ ಮಾತಾಡೋಣ.

ಮೇ 29, 1968. ವೆಂಬ್ಲಿಯಲ್ಲಿ ಬೆನ್ಫಿಕಾ ವಿರುದ್ಧ 4-1. ಇಂಗ್ಲೆಂಡಿನ ಕ್ಲಬ್ಬೊಂದು ಯುರೋಪಿಯನ್ ಕಪ್ ಗೆದ್ದದ್ದು ಅದೇ ಮೊದಲು. ಅದಕ್ಕೆ ಹತ್ತು ವರ್ಷ ಮೊದಲು, 1958ರ ಫೆಬ್ರವರಿಯಲ್ಲಿ, ಮ್ಯೂನಿಕ್‌ ವಿಮಾನ ಅಪಘಾತದಲ್ಲಿ ಇದೇ ಕ್ಲಬ್ಬಿನ ಎಂಟು ಆಟಗಾರರು ತೀರಿಹೋಗಿದ್ದರು. ಮ್ಯಾನೇಜರ್ ಮ್ಯಾಟ್ ಬಸ್ಬಿ ಸಾವಿನ ಬಾಗಿಲು ತಟ್ಟಿ ವಾಪಸ್ ಬಂದವರು. ಬಾಬಿ ಚಾರ್ಲ್ಟನ್ ಮತ್ತು ಬಿಲ್ ಫೌಕ್ಸ್ ಕೂಡ ಆ ವಿಮಾನದಲ್ಲಿದ್ದರು. ಹಾಗಾಗಿ ಆ ಕಪ್ ಅವರಿಗೆಲ್ಲ ಹರಕೆ ತೀರಿಸಿದ ಹಾಗೆ.

ಹರಕೆ ತೀರಿದ ಮೇಲೆ ಏನು? ಆ ರಾತ್ರಿ ಫೌಕ್ಸ್‌ಗೆ 36, ಚಾರ್ಲ್ಟನ್‌ಗೆ 30. ಡೆನಿಸ್ ಲಾ ಮಂಡಿ ನೋವಿನಿಂದ ಫೈನಲ್ ಆಡಲೇ ಇಲ್ಲ. ಜಾರ್ಜ್ ಬೆಸ್ಟ್‌ಗೆ ಮಾತ್ರ 22. ಬಸ್ಬಿಗೆ 59 ತುಂಬಿ ಮೂರು ದಿನ ಆಗಿತ್ತು. ಟೀಮಿಗೆ ವಯಸ್ಸಾಗ್ತಿದೆ ಅನ್ನೋದು ಯಾರಿಗೂ ಕಾಣದ ಗುಟ್ಟೇನಲ್ಲ. ಗೆದ್ದ ಮನೆಯಲ್ಲಿ ಅದನ್ನ ಹೇಳುವವರು ಯಾರು? ಹಿಂದಿನ ಲೀಗಿನಲ್ಲಿ ಎರಡನೇ ಸ್ಥಾನದಲ್ಲಿದ್ದವರು 1968-69ರಲ್ಲಿ ಹನ್ನೊಂದಕ್ಕೆ ಇಳಿದರು.

1969ರಲ್ಲಿ ಬಸ್ಬಿ ಕೆಳಗಿಳಿದರು. ಇಳಿದರು ಅಂದ್ರೆ ಪೂರ್ತಿ ಇಳಿಯಲಿಲ್ಲ, ಜನರಲ್ ಮ್ಯಾನೇಜರ್ ಅಂತ ಕ್ಲಬ್ಬಿನಲ್ಲೇ ಉಳಿದರು. ಟೀಮಿನ ಜವಾಬ್ದಾರಿ ವಿಲ್ಫ್ ಮೆಕ್‌ಗಿನೆಸ್‌ಗೆ ಬಂತು. ವಯಸ್ಸು 31, ಚಾರ್ಲ್ಟನ್ ವಯಸ್ಸೇ. ಇಬ್ಬರೂ ಹುಟ್ಟಿದ್ದು 1937ರ ಅಕ್ಟೋಬರ್‌ನಲ್ಲಿ, ಹುಡುಗರಾಗಿ ಒಟ್ಟಿಗೆ ಆಡಿದವರು. ಕಾಲು ಮುರಿದು ಮೆಕ್‌ಗಿನೆಸ್ ಆಟ ಬೇಗ ಮುಗಿದಿತ್ತು. ಈಗ ಈತ ಗೆಳೆಯನಿಗೆ, ವರ್ಲ್ಡ್ ಕಪ್ ಗೆದ್ದ ಗೆಳೆಯನಿಗೆ, 'ನಾಳೆ ನೀನು ಆಡಲ್ಲ' ಅಂತ ಹೇಳಬೇಕು. ಹೇಳಿದರೂ ಆಟಗಾರರು ಬಸ್ಬಿ ರೂಮಿನ ಕಡೆ ನೋಡ್ತಾರೆ. ನಿಮ್ಮ ಪ್ರಾಜೆಕ್ಟಿನಲ್ಲಿ ಹಳೇ ಮ್ಯಾನೇಜರ್ ಪಕ್ಕದ ಕ್ಯಾಬಿನ್‌ನಲ್ಲೇ ಕೂತಿದ್ರೆ ಹೊಸಬನ ಮಾತು ಎಷ್ಟು ನಡೆಯುತ್ತೆ, ನೀವೇ ಹೇಳಿ. 1970ರ ಡಿಸೆಂಬರ್‌ನಲ್ಲಿ ಮೆಕ್‌ಗಿನೆಸ್‌ನ ತೆಗೆದರು. ಬಸ್ಬಿಯೇ ವಾಪಸ್ ಬಂದು ಸೀಸನ್ ಮುಗಿಸಿದರು.

ಮುಂದೆ ಬಂದವರು ಫ್ರಾಂಕ್ ಓಫಾರೆಲ್. ತನಗೆ ಬರಬೇಕಾದ ಮ್ಯಾನೇಜರ್ ರೂಮಿನಲ್ಲಿ ಬಸ್ಬಿ ಇನ್ನೂ ಕೂತಿದ್ದರು, ನಾನೇ ಕೇಳಿ ಬಿಡಿಸಿಕೊಳ್ಳಬೇಕಾಯ್ತು ಅಂತ ಓಫಾರೆಲ್ ನಂತರ ಹೇಳಿಕೊಂಡಿದ್ದಾರೆ. 1971ರ ಕ್ರಿಸ್‌ಮಸ್ ಹೊತ್ತಿಗೆ ಟೀಮ್ ಲೀಗಿನ ತುದಿಯಲ್ಲಿತ್ತು, ಹೊಸ ವರ್ಷ ಬಂದ ಮೇಲೆ ಸಾಲು ಸಾಲು ಸೋಲು, ಕೊನೆಗೆ ಎಂಟನೇ ಸ್ಥಾನ. 1972ರ ಡಿಸೆಂಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 5-0 ಸೋತಾಗ ಓಫಾರೆಲ್ ಕೆಲಸವೂ ಹೋಯ್ತು. ಪಾಪ, ಒಂದು ಒಳ್ಳೆ ಕೆಲಸ ಮಾಡಿ ಹೋಗಿದ್ದರು: ಅಬರ್ಡೀನ್‌ನಿಂದ ಮಾರ್ಟಿನ್ ಬಕನ್‌ನ ತಂದಿದ್ದರು. ಅದರ ಫಲ ಬೇರೆಯವರಿಗೆ ಸಿಕ್ಕಿತು.

ಆಮೇಲೆ ಟಾಮಿ ಡಾಕರ್ಟಿ. ಮಾತು ಜೋರು, ಕತ್ತರಿ ಇನ್ನೂ ಜೋರು. ಚಾರ್ಲ್ಟನ್ ತಾನಾಗೇ ನಿವೃತ್ತಿ ಘೋಷಿಸಿ, 1973ರ ಏಪ್ರಿಲ್ 28ರಂದು ಚೆಲ್ಸಿ ಮೈದಾನದಲ್ಲಿ ಕೊನೆಯ ಲೀಗ್ ಮ್ಯಾಚ್ ಆಡಿದರು. ಒಟ್ಟು 758 ಪಂದ್ಯ, 249 ಗೋಲು. ಲಾ ಅವರನ್ನ ಫ್ರೀ ಟ್ರಾನ್ಸ್‌ಫರ್ ಮೇಲೆ ಬಿಟ್ಟರು. 237 ಗೋಲು ಹೊಡೆದವನಿಗೆ ಒಂದು ಪೈಸೆ ಬೆಲೆ ಇಲ್ಲ! ಲಾ ಹೋದದ್ದು ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿಗೆ. ಕುಡಿತ, ಪ್ರಾಕ್ಟೀಸಿಗೆ ಚಕ್ಕರ್, ಇವುಗಳ ನಡುವೆ ಬೆಸ್ಟ್ ಯುನೈಟೆಡ್ ಪರ ಕೊನೆಯ ಬಾರಿ ಆಡಿದ್ದು 1974ರ ಜನವರಿ 1ಕ್ಕೆ. ಆಗ ವಯಸ್ಸು ಬರೀ 27. ನನ್ನ ಕೇಳಿದ್ರೆ, ಉಳಿದಿಬ್ಬರದು ವಯಸ್ಸಿನ ಲೆಕ್ಕ, ಬೆಸ್ಟ್‌ದು ನಿಜವಾದ ನಷ್ಟ.

ಆ ಸೀಸನ್ ಎಷ್ಟು ಹದಗೆಟ್ಟಿತ್ತು ಅಂದ್ರೆ, ಕ್ರಿಸ್‌ಮಸ್ ಹೊತ್ತಿಗೆ ಟೀಮಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಪೈಕಿ ಗೋಲ್‌ಕೀಪರ್ ಅಲೆಕ್ಸ್ ಸ್ಟೆಪ್ನಿ ಕೂಡ ಒಬ್ಬ. ಎರಡು ಪೆನಾಲ್ಟಿ, ಎರಡು ಗೋಲು, ಅಷ್ಟೇ!

1974ರ ಏಪ್ರಿಲ್ 27, ಓಲ್ಡ್ ಟ್ರಾಫರ್ಡ್. ಎದುರಾಳಿ ಸಿಟಿ. ಮುಗಿಯೋಕೆ ಹತ್ತು ನಿಮಿಷವೂ ಇಲ್ಲ, 0-0. ಗೋಲಿಗೆ ಬೆನ್ನು ಹಾಕಿ ನಿಂತಿದ್ದ ಡೆನಿಸ್ ಲಾ ಬಂದ ಚೆಂಡನ್ನ ಹಿಮ್ಮಡಿಯಲ್ಲಿ ಒದ್ದರು. ಒಳಗೆ ಹೋಯ್ತು. ಜೊತೆಯವರು ತಬ್ಬಿಕೊಳ್ಳೋಕೆ ಬಂದ್ರೆ ಲಾ ಮುಖದಲ್ಲಿ ನಗುವೇ ಇಲ್ಲ, ಮನೆಯಲ್ಲಿ ಸಾವಾದ ಹಾಗೆ ತಲೆ ತಗ್ಗಿಸಿ ನಡೆದರು. ಕೂಡಲೇ ಅವರನ್ನ ಹೊರಗೆ ಕರೆಸಿಕೊಂಡರು. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ವಾಪಸ್ ಹೋಗಿ ಅಂತ ಮೈಕಿನಲ್ಲಿ ಬೇಡಿಕೊಂಡವರು ಯಾರು ಗೊತ್ತಾ? ಅದೇ ಬಸ್ಬಿ. ಕೇಳಲಿಲ್ಲ ಜನ. ಮ್ಯಾಚ್ ಅಲ್ಲಿಗೇ ನಿಂತಿತು, 1-0 ಫಲಿತಾಂಶ ಹಾಗೇ ಉಳಿಯಿತು.

ಲಾ ಗೋಲಿನಿಂದಲೇ ಯುನೈಟೆಡ್ ಕೆಳಗಿಳಿಯಿತು ಅಂತ ಇವತ್ತಿಗೂ ಹೇಳ್ತಾರೆ. ತಪ್ಪು. ಅದೇ ದಿನ ಬರ್ಮಿಂಗ್‌ಹ್ಯಾಮ್ ನಾರ್ವಿಚ್‌ನ ಸೋಲಿಸಿತ್ತು, ಹಾಗಾಗಿ ಯುನೈಟೆಡ್ ಗೆದ್ದಿದ್ದರೂ ಉಳೀತಿರಲಿಲ್ಲ. 42 ಪಂದ್ಯದಲ್ಲಿ 38 ಗೋಲು ಹೊಡೆದ ಟೀಮನ್ನ ಒಂದು ಹಿಮ್ಮಡಿ ಮುಳುಗಿಸೋಕೆ ಆಗುತ್ತಾ?

ಇಲ್ಲಿ ಕ್ಲಬ್ ಮಾಡಿದ ಜಾಣತನ ಅಂದ್ರೆ ಈ ಸಲ ಮ್ಯಾನೇಜರನ್ನ ತೆಗೆಯಲಿಲ್ಲ. ಎರಡನೇ ಡಿವಿಜನ್‌ನಲ್ಲಿ ಡಾಕರ್ಟಿಗೆ ಹೆಸರಿನ ಹಂಗಿಲ್ಲದ ಟೀಮ್ ಕಟ್ಟೋ ಅವಕಾಶ ಸಿಕ್ಕಿತು. ಹಲ್ ಸಿಟಿಯಿಂದ ಸ್ಟುವರ್ಟ್ ಪಿಯರ್ಸನ್, ಟ್ರಾನ್‌ಮಿಯರ್‌ನಿಂದ ಸ್ಟೀವ್ ಕೊಪೆಲ್, ಕ್ಲಬ್ಬಲ್ಲೇ ಬೆಳೆದ ಸ್ಯಾಮಿ ಮೆಕಿಲ್‌ರಾಯ್. ಕೆಳಗಿನ ಡಿವಿಜನ್‌ನಲ್ಲಿದ್ದೂ ಮನೆಯ ಪಂದ್ಯಕ್ಕೆ ಸರಾಸರಿ 48 ಸಾವಿರಕ್ಕೂ ಹೆಚ್ಚು ಜನ ಬಂದರು, ಇಡೀ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು. ಒಂದೇ ವರ್ಷಕ್ಕೆ ಚಾಂಪಿಯನ್ ಆಗಿ ಮೇಲೆ ಬಂದರು, ಮುಂದಿನ ವರ್ಷ ಮೊದಲ ಡಿವಿಜನ್‌ನಲ್ಲಿ ಮೂರನೇ ಸ್ಥಾನ. ಲೀಗ್ ಕಿರೀಟಕ್ಕೆ ಮಾತ್ರ 1993ರ ತನಕ ಕಾಯಬೇಕಾಯ್ತು.

1977ರ ಮೇ 21ರಂದು ಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್‌ನ 2-1ರಿಂದ ಸೋಲಿಸಿದರು. ಕಪ್ ಎತ್ತಿದ ಕ್ಯಾಪ್ಟನ್, ಓಫಾರೆಲ್ ತಂದಿದ್ದ ಬಕನ್. 1968ರ ವೆಂಬ್ಲಿ ರಾತ್ರಿ ಆಡಿದ ಹನ್ನೊಂದು ಜನರಲ್ಲಿ ಅವತ್ತು ಆಡಿದವನು ಒಬ್ಬನೇ: ಗೋಲು ಕಾಯುತ್ತಿದ್ದ ಸ್ಟೆಪ್ನಿ.